ಮಂಗಳೂರಿನಿಂದ ಕಲ್ಲಿಕೋಟೆಗೆ ಎಷ್ಟು ದೂರ?

ಮಗಳನ್ನು ಕಲ್ಲಿಕೋಟೆಗೆ ಮದುವೆ ಮಾಡಿ ಕೊಟ್ಟಾಗ ನೆರೆಮನೆಯವರು ಕೇಳಿದ್ದು ಒಂದೇ ಪ್ರಶ್ನೆ. “ಅಷ್ಟು ದೂರ ಕೊಟ್ಟಿರಾ?” “ದೂರವೇನು, ವಿಮಾನ ಹತ್ತಿದರೆ ಅರ್ಧ ಗಂಟೆ” ಎಂದು ನಾನು ನಗುತ್ತಿದ್ದೆ. ಅದು ನನ್ನ ಸಮಾಧಾನಕ್ಕೆ ನಾನೇ ಹೇಳಿಕೊಂಡ ಲೆಕ್ಕ.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಬೇಕಿತ್ತು. ರಕ್ತದೊತ್ತಡ ಏರಿದ್ದರಿಂದ ವೈದ್ಯರು ಪ್ರಯಾಣ ಬೇಡವೆಂದರು. ಒಂದು ಮಳೆಯ ರಾತ್ರಿ ಅಳಿಯನ ಫೋನ್ ಬಂತು. “ಆಸ್ಪತ್ರೆಗೆ ಸೇರಿಸಿದ್ದೇವೆ ಉಮ್ಮಾ. ಗಾಬರಿಯಾಗಬೇಡಿ, ಬೆಳಿಗ್ಗೆ ಹೊರಡಿ.”

ದುಬೈಯಲ್ಲಿರುವ ಮಗ ವಿಮಾನದಲ್ಲೇ ಹೋಗಬೇಕೆಂದು ಹಠ ಹಿಡಿದ. ಹುಡುಕಿದರೆ ಅವನಿಗೆ ಸಿಕ್ಕಿದ್ದು ಬೆಂಗಳೂರು ಸುತ್ತಿ ಹೋಗುವ ಟಿಕೆಟ್! ದುಬೈಯಿಂದ ಮೂರೂವರೆ ಗಂಟೆಯಲ್ಲಿ ಬಜ್ಪೆಗೆ ಬಂದಿಳಿಯುವವನಿಗೆ ಇದು ಅರ್ಥವಾಗಲಿಲ್ಲ. ಬಜ್ಪೆಯಿಂದ ಕರಿಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 230 ಕಿಲೋಮೀಟರ್. ರೈಲಿನ ದಾರಿ ಸುಮಾರು 220. ಆಕಾಶದ ದಾರಿಯೇ ಉದ್ದ! ಕರಿಪುರ ಇರುವುದು ಮಲಪ್ಪುರಂ ಜಿಲ್ಲೆಯಲ್ಲಿ, ಕಲ್ಲಿಕೋಟೆ ದಾಟಿ ಇನ್ನೂ ಆಚೆ. ನೇರ ವಿಮಾನ ಸಿಕ್ಕಿದರೂ ಹಾರುವುದು ಅರ್ಧ ಮುಕ್ಕಾಲು ಗಂಟೆ. ಬಜ್ಪೆಗೆ ಹೋಗುವುದು, ತಪಾಸಣೆ, ಕಾಯುವುದು, ಇಳಿದು ಮತ್ತೆ ಊರಿಗೆ ಬರುವುದು ಸೇರಿದರೆ ನಾಲ್ಕು ಗಂಟೆ.

ನನಗೆ ಬೇರೊಂದು ಅಳುಕೂ ಇತ್ತು. ಎರಡೂ ಗುಡ್ಡದ ಮೇಲಿನ ನಿಲ್ದಾಣಗಳು. 2010ರ ಮೇಯಲ್ಲಿ ಬಜ್ಪೆಯಲ್ಲಿ 158 ಜನ, 2020ರ ಆಗಸ್ಟ್‌ನಲ್ಲಿ ಕರಿಪುರದಲ್ಲಿ 21 ಜನ ತೀರಿಕೊಂಡರು. ಎರಡೂ ದುಬೈಯಿಂದ ಬಂದ ವಿಮಾನಗಳೇ. ಮಗ ಊರಿಗೆ ಹೊರಟನೆಂದರೆ ಇಳಿದೆನೆಂದು ಫೋನ್ ಬರುವವರೆಗೆ ನಾನು ಅಡುಗೆಮನೆಗೆ ಹೋಗುವುದಿಲ್ಲ.

ಸುಬಹಿ ನಮಾಝ್ ಮುಗಿಸಿ ಆರೂವರೆಯ ಸುಮಾರಿಗೆ ಹೊರಡುವ ವಂದೇ ಭಾರತ್ ಹತ್ತಿದೆವು. 2024ರಲ್ಲಿ ಮಂಗಳೂರಿನವರೆಗೆ ವಿಸ್ತರಿಸಿದ ರೈಲು ಇದು. ಉಳಿದ ರೈಲುಗಳಿಗೆ ನಾಲ್ಕೈದು ಗಂಟೆ ಬೇಕು. ಇದಕ್ಕೆ ಮೂರೂ ಬೇಡ.

ಕೈಯಲ್ಲಿ ತಸ್ಬೀಹ್, ಕಣ್ಣು ಕಿಟಕಿಯಲ್ಲಿ. ಮಂಗಳೂರು ಬಿಟ್ಟೊಡನೆ ನೇತ್ರಾವತಿ ಕೆಂಪಗೆ ತುಂಬಿತ್ತು. ಉಳ್ಳಾಲ, ಮಂಜೇಶ್ವರ, ಕುಂಬಳೆ... ಕಾಸರಗೋಡಿನ ಬಳಿ ಚಂದ್ರಗಿರಿ ಹೊಳೆ. ತುಳುನಾಡು ಇಲ್ಲಿಗೆ ಮುಗಿಯಿತೆಂದು ಹಿರಿಯರು ಹೇಳುತ್ತಿದ್ದರು. ಆಚೆಗೆ ಕನ್ನಡದ ಫಲಕಗಳು ಕಡಿಮೆಯಾಗುತ್ತವೆ, ಆದರೆ ತೆಂಗು, ಹೆಂಚಿನ ಮನೆ, ಅಂಗಳದಲ್ಲಿ ಒಣಗಿದ ಬಟ್ಟೆ ಎಲ್ಲವೂ ನಮ್ಮದೇ. ಪಕ್ಕದಲ್ಲಿ ಕುಳಿತ ಪಯ್ಯನ್ನೂರಿನ ಅಜ್ಜಿ ಮಲಯಾಳಂನಲ್ಲಿ ಕೇಳಿದರು, ನಾನು ಬ್ಯಾರಿಯಲ್ಲಿ ಉತ್ತರಿಸಿದೆ. ಮಾತು ನಿಲ್ಲಲಿಲ್ಲ. ವಿಷಯ ತಿಳಿದು ಆಕೆ ತಾನೂ ದುಆ ಮಾಡುತ್ತೇನೆಂದು ನನ್ನ ಕೈ ಹಿಡಿದು ಕುಳಿತರು.

ಇದೇ ಕರಾವಳಿಯಲ್ಲಿ ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರು ನೋಡಿ ಕಲ್ಲಿಕೋಟೆಗೆ ಹೋದರು. ಗೋವೆಯಿಂದ ಕೊಲ್ಲಂವರೆಗಿನ ನಡಿಗೆಯ ದಾರಿಗೆ ಅವರು ಕೊಟ್ಟ ಲೆಕ್ಕ ಎರಡು ತಿಂಗಳು. ನನಗೋ ಕಣ್ಣೂರಿನಲ್ಲಿ ರೈಲು ಎರಡು ನಿಮಿಷ ನಿಂತದ್ದೇ ಹೆಚ್ಚಾಗಿತ್ತು.

ತಲಶ್ಶೇರಿ, ಮಾಹೆ, ವಡಗರ ದಾಟಿ, ಕೋರಪುಳ ಹೊಳೆ ಕಂಡಾಗ ಫೋನ್ ತೆಗೆದೆ. ಇನ್ನೂ ಆಗಿಲ್ಲ ಎಂದ ಅಳಿಯ.

ಹತ್ತು ಗಂಟೆಗೆ ಮುಂಚೆ ಆಸ್ಪತ್ರೆಯಲ್ಲಿದ್ದೆ. ರಾತ್ರಿಯಿಡೀ ಮಲಗದ ಬೀಗಿತ್ತಿ ತಾನು ಕುಳಿತಿದ್ದ ಸ್ಟೂಲನ್ನು ನನಗೆ ಬಿಟ್ಟುಕೊಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಲುಹರ್ ಅಝಾನ್‌ಗೆ ಸ್ವಲ್ಪ ಮುಂಚೆ ಮೊಮ್ಮಗಳು ಹುಟ್ಟಿದಳು.