ಯಾರ ಎಡ?

ಸಿದ್ದರಬೆಟ್ಟದ ಟ್ರಿಪ್‌ಗೆ ಪರ್ಮಿಷನ್ ಕೇಳೋ ಫಾರ್ಮ್‌ನಲ್ಲಿ 'ತುರ್ತು ಯೋಜನೆ' ಅಂತ ಒಂದು ಕಾಲಂ ಇತ್ತು. ಹಿಂದಿನ ವರ್ಷದವರು ಅಲ್ಲಿ ಒಂದು ಫೋನ್ ನಂಬರ್ ಬರೆದು ಕೈತೊಳೆದುಕೊಂಡಿದ್ದರು. ನಾವು ನಾಲ್ಕು ಜನ ಮಾತ್ರ ಹುಮ್ಮಸ್ಸಿನಲ್ಲಿ 'ಮ್ಯಾಪೇ ಮಾಡ್ತೀವಿ' ಅಂದ್ವಿ. ಸ್ಯಾಟಲೈಟ್ ಚಿತ್ರ ಇಳಿಸಿಕೊಂಡು, ಹಸಿರು ಬಾಣ ಎಳೆದು, ಬಸ್ ನಿಲ್ಲೋ ಜಾಗಕ್ಕೆ 'ಸೇರುವ ಸ್ಥಳ' ಅಂತ ಬರೆದ್ವಿ. ನಮ್ಮದೆಲ್ಲ ಇಂಗ್ಲಿಷ್ ಮೀಡಿಯಂ. ಎಕ್ಸಿಟ್‌ಗೆ ಕನ್ನಡ ಸಿಕ್ಕಿದ್ದು ಬಸ್ ಕಿಟಕಿ ಮೇಲಿನ 'ತುರ್ತು ನಿರ್ಗಮನ'ದಿಂದ!

ಕೊರಟಗೆರೆ ತಾಲ್ಲೂಕಿನ ಈ ಬೆಟ್ಟ ಔಷಧಿ ಗಿಡಗಳಿಗೆ ಹೆಸರುವಾಸಿ. ಮೆಟ್ಟಿಲು ಹತ್ತಿ ಹೋದರೆ ಬಂಡೆಗಳ ನಡುವೆ ಗುಹೆ, ಒಳಗೆ ಸಿದ್ದೇಶ್ವರ. ಆದರೆ ಸ್ಯಾಟಲೈಟ್‌ಗೆ ಬಂಡೆಯ ನೆತ್ತಿ ಕಾಣುತ್ತೆ, ಗುಹೆ ಕಾಣಲ್ಲ. ಹಾಗಾಗಿ ನಮ್ಮ ಮ್ಯಾಪ್‌ನಲ್ಲಿ ಗುಹೆಯೇ ಇರಲಿಲ್ಲ.

ಕತ್ತಲು, ಒದ್ದೆ ಕಲ್ಲು, ಹಿಂದೆ ಮುಂದೆ ಜನ. ನಮ್ಮ ಗೆಳತಿಯೊಬ್ಬಳಿಗೆ ಅಲ್ಲೇ ಉಸಿರು ಕಟ್ಟೋಕೆ ಶುರುವಾಯ್ತು. ಅವಳ ಇನ್‌ಹೇಲರ್ ಕೆಳಗೆ ಬಸ್ಸಿನಲ್ಲಿ. ಕೋತಿಗಳು ಕಿತ್ಕೊಳ್ಳುತ್ತವೆ ಅಂತ ಬ್ಯಾಗೆಲ್ಲ ಬಿಟ್ಟು ಬನ್ನಿ ಅಂದಿದ್ದೂ ನಾವೇ. ಇಬ್ಬರು ಅವಳನ್ನ ಹೊರಗೆ ಕರ್ಕೊಂಡು ಬಂದ್ರು, ಇನ್ನಿಬ್ಬರು ಮ್ಯಾಪ್ ಹಿಡಿದು ಕೆಳಗೆ ಓಡಿದ್ವಿ. ದಾರಿ ಕವಲೊಡೆಯೋ ಕಡೆ ಮ್ಯಾಪ್ 'ಎಡಕ್ಕೆ' ಅಂತು. ಎಡಕ್ಕೆ ಹೋದ್ವಿ. ಮುಳ್ಳುಪೊದೆ.

ವಾಪಸ್ ಬಂದಾಗ ಅಲ್ಲಿ ಸೌತೆಕಾಯಿ ಮಾರ್ತಿದ್ದ ಅಜ್ಜಿ ನಮ್ಮ ಹಾಳೆ ನೋಡಿ, 'ಏನ್ ಮಗಾ ಅದು?' ಅಂದ್ರು. 'ಎಡಕ್ಕೆ ಅಂತ ಇದೆ ಅಜ್ಜಿ.'

'ಯಾರ ಎಡ? ಹತ್ತೋರ್ದಾ, ಇಳಿಯೋರ್ದಾ?'

ಉತ್ತರ ಇರಲಿಲ್ಲ. ಹತ್ತುವಾಗ ಹೇಗೆ ಕಾಣುತ್ತೋ ಹಾಗೆ ಬರೆದಿದ್ವಿ. ತುರ್ತು ಅಂದರೆ ಇಳಿಯೋದು ಅನ್ನೋದೇ ಹೊಳೆದಿರಲಿಲ್ಲ. ಇನ್‌ಹೇಲರ್ ತಗೊಂಡು ಮೇಲೆ ಬರೋ ಹೊತ್ತಿಗೆ ಅವಳು ಗಾಳಿಗೆ ಕೂತು ಸುಧಾರಿಸಿಕೊಂಡಿದ್ದಳು. ಅದು ನಮ್ಮ ಪುಣ್ಯ, ಮ್ಯಾಪ್‌ನಿಂದಲ್ಲ.

ಆಮೇಲೆ ಹುಡುಕಿ ಓದಿದ್ವಿ. ಇಂಥ ನಕ್ಷೆಗಳಿಗೇ ಐಎಸ್‌ಒ 23601 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ 'ನೀವು ಇಲ್ಲಿದ್ದೀರಿ' ಅನ್ನೋ ಗುರುತು ಇರಬೇಕು, ನೋಡೋರ ಎಡವೇ ನಕ್ಷೆಯ ಎಡ ಆಗಬೇಕು. ಅಜ್ಜಿ ಕೇಳಿದ್ದೂ ಅದನ್ನೇ.

ಹಾಸ್ಟೆಲ್‌ಗೆ ಬಂದು ಗೋಡೆ ನೋಡಿದರೆ ಮೂರು ಮಹಡಿಗೂ ಒಂದೇ ಜೆರಾಕ್ಸ್. ಅದರ ಮುಂದೆಯೇ ದಿನಾ ಬ್ರಷ್ ಮಾಡ್ಕೊಂಡು ಓಡಾಡ್ತಿದ್ವಿ! ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರಿದ್ದರು. ನಾವಾಗ ಎಲ್‌ಕೆಜಿಗೂ ಹೋಗದ ಮಕ್ಕಳು.

ಈಗ ಒಂದೊಂದು ಮಹಡಿಗೂ ಬೇರೆ ಬೇರೆ ನಕ್ಷೆ ಬರೀತಿದೀವಿ, ಈ ಸಲ ಗೋಡೆ ಮುಂದೆಯೇ ನಿಂತು. ಎರಡನೇ ಮಹಡಿಯ ಹಿಂದಿನ ಮೆಟ್ಟಿಲ ಗ್ರಿಲ್‌ಗೆ ಬೀಗ ಇದೆ. ವಾಚ್‌ಮನ್ ಅಣ್ಣನ್ನ ಕೇಳಿದ್ರೆ, 'ಬೀಗದಕೈ ಆಫೀಸಲ್ಲಿದೆ, ಆಫೀಸು ಐದಕ್ಕೆ ಮುಚ್ತಾರೆ' ಅಂದ್ರು. ಅರ್ಜಿ ಕೊಟ್ಟಿದೀವಿ. ಅಲ್ಲಿಯವರೆಗೆ ಆ ಜಾಗಕ್ಕೆ ಹಸಿರು ಬಾಣ ಹಾಕಿಲ್ಲ.