ಈಗ ನಗಬಹುದೆ?

ಹಾಸ್ಯರಸವನ್ನು ತರಗತಿಯಲ್ಲಿ ಪಾಠ ಹೇಳುವುದರಷ್ಟು ನೀರಸವಾದ ಕೆಲಸ ಇನ್ನೊಂದಿಲ್ಲ. ಪ್ರತಿ ವರ್ಷವೂ ನಾನು ಆ ಕೆಲಸವನ್ನು ಮಾಡುತ್ತೇನೆ. ಅದಕ್ಕಾಗಿ ಸಂಬಳವನ್ನೂ ಎಣಿಸಿಕೊಳ್ಳುತ್ತೇನೆ. ನಾಟ್ಯಶಾಸ್ತ್ರದಲ್ಲಿ ಭರತಮುನಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಉತ್ತಮರಿಗೆ ಸ್ಮಿತ ಮತ್ತು ಹಸಿತ. ಮಧ್ಯಮರಿಗೆ ವಿಹಸಿತ ಮತ್ತು ಉಪಹಸಿತ. ಅಧಮರಿಗೆ ಅಪಹಸಿತ ಮತ್ತು ಅತಿಹಸಿತ. ಹಲ್ಲು ಕಾಣದಂತೆ ನಗುವುದು ಉತ್ತಮರ ಲಕ್ಷಣವೆಂದು ನಾನು ಗಂಭೀರವಾಗಿ ವಿವರಿಸುತ್ತಿರುವಾಗ ಹಿಂದಿನ ಬೆಂಚಿನವರು ಮೂವತ್ತೆರಡೂ ಹಲ್ಲು ಕಾಣುವಂತೆ ನಗುವುದು ವಾಡಿಕೆಯಾಗಿಬಿಟ್ಟಿದೆ. ಅವರನ್ನು ನಾನು ಕ್ಷಮಿಸುತ್ತೇನೆ. ಕ್ಷಮಿಸಲಾರದೆ ಹೋದದ್ದು ನನ್ನ ಮಗಳನ್ನು. ಆ ಕಥೆಯನ್ನು ಹೇಳುವುದಕ್ಕಾಗಿಯೇ ಭರತಮುನಿಯನ್ನು ಎಳೆದು ತಂದೆ.

ನಾವು ಮೈಸೂರಿನವರು. ರಾಮನವಮಿ ಬಂತೆಂದರೆ ಇಲ್ಲಿ ಹಾದಿಗೊಂದು ಚಪ್ಪರ ಏಳುತ್ತದೆ. ಪಾನಕ, ಕೋಸಂಬರಿಯ ಜೊತೆಗೆ ಸಂಗೀತವೂ ಪ್ರಸಾದವಾಗಿ ದೊರೆಯುತ್ತದೆ. ಹೋದ ಸಲ ನಮ್ಮ ಬಡಾವಣೆಯ ಚಪ್ಪರದಲ್ಲಿ ಒಳ್ಳೆಯ ಹಾಡುಗಾರಿಕೆಯಿತ್ತು. ಪಿಟೀಲು, ಮೃದಂಗ, ಘಟ ಎಲ್ಲವೂ ತೂಕವಾದ ಪಕ್ಕವಾದ್ಯಗಳು. ಒಂಬತ್ತು ವರ್ಷದ ನಮ್ಮ ಪುಟ್ಟಿಯನ್ನು ಕರೆದುಕೊಂಡು ನಾನು ಮೂರನೆಯ ಸಾಲಿನಲ್ಲಿ ಕುಳಿತೆ. ಅವಳು ಎರಡು ವರ್ಷಗಳಿಂದ ಹಿಂದಿನ ಬೀದಿಯ ಮೇಷ್ಟರಲ್ಲಿ ಪಾಠಕ್ಕೆ ಹೋಗುತ್ತಿದ್ದಾಳೆ. ಫೀಜು ಕೊಡುವುದು ನಾನಾದ್ದರಿಂದ ಸಂಗೀತ ನನಗೂ ಸ್ವಲ್ಪ ಬರುತ್ತದೆಂಬ ಭಾವನೆ ನನ್ನಲ್ಲಿ ಬೇರೂರಿತ್ತು.

ತನಿ ಆವರ್ತನ ಆರಂಭವಾಯಿತು. ಸಾಮಾನ್ಯವಾಗಿ ಸಭೆಯ ಅರ್ಧದಷ್ಟು ಜನ ಎದ್ದು ಹೋಗಿ ಕಾಫಿ ಕುಡಿದು ಬರುವ ಹೊತ್ತು ಅದು. ನಾನು ಏಳಲಿಲ್ಲ, ಅದಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಂಡೆ. ಮೃದಂಗದವರೂ ಘಟದವರೂ ಸರದಿಯಂತೆ ನುಡಿಸುತ್ತ ಬಂದರು. ಕೊನೆಗೆ ವಿದ್ವಾಂಸರು ಕುರೈಪ್ಪು ಎಂದು ಕರೆಯುವ ಘಟ್ಟ ಬಂತು. ಒಬ್ಬರು ಒಂದು ಆವರ್ತ ನುಡಿಸುವುದು, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುವುದು, ಮುಂದೆ ಅರ್ಧ ಆವರ್ತ, ಅದಕ್ಕೂ ಉತ್ತರ, ಮುಂದೆ ಕಾಲು. ಹೀಗೆ ಪ್ರಶ್ನೆಯೂ ಉತ್ತರವೂ ಕಿರಿದಾಗುತ್ತ ಕಡೆಗೆ ಒಂದೊಂದೇ ಎಣಿಕೆಗೆ ಇಳಿಯಿತು. ಇಬ್ಬರು ಜಗಳಗಂಟರು ಮಾತು ಸಾಲದೆ ಬರಿಯ ‘ಹೂಂ’, ‘ಊಹೂಂ’ಗಳಲ್ಲಿ ಜಗಳವಾಡಿದ ಹಾಗಿತ್ತು. ಆಗ ಮೃದಂಗದವರು ಒಂದು ಎಣಿಕೆಯಷ್ಟು ಕಾಲ ಕೈಯನ್ನು ಮೇಲೆತ್ತಿ ಏನನ್ನೂ ನುಡಿಸದೆ ಸುಮ್ಮನಾದರು. ಘಟದವರು ಕಣ್ಣು ಮಿಟುಕಿಸಲಿಲ್ಲ. ಅವರೂ ಕೈಯೆತ್ತಿ, ಸರಿಯಾಗಿ ಒಂದೇ ಎಣಿಕೆ, ಏನನ್ನೂ ನುಡಿಸಲಿಲ್ಲ. ಮರುಕ್ಷಣ ಇಬ್ಬರೂ ಒಟ್ಟಾಗಿ ಮುಂದಕ್ಕೆ ಧುಮುಕಿದರು.

ಪುಟ್ಟಿ ಗಟ್ಟಿಯಾಗಿ ನಕ್ಕಳು.

ಮುಂದಿನ ಸಾಲಿನಲ್ಲಿ, ಚೈತ್ರದ ಸೆಕೆಯಲ್ಲಿಯೂ ಶಾಲು ಹೊದ್ದಿದ್ದ ಹಿರಿಯರೊಬ್ಬರು ಹಿಂದಿರುಗಿ ನೋಡಿದರು. ಅವರ ದೃಷ್ಟಿ ಮಗುವಿನ ಮೇಲೆ ಒಂದು ಕ್ಷಣವೂ, ತಂದೆಯ ಮೇಲೆ ನಾಲ್ಕು ಕ್ಷಣಗಳೂ ನಿಂತಿತು. ನಾನು ಅವಳ ತೊಡೆಯನ್ನು ಚಿವುಟಿ, “ಸುಮ್ಮನಿರು, ಇದೇನು ನಾಟಕವೆ? ಸಂಗೀತ!” ಎಂದು ಕಿವಿಯಲ್ಲಿ ಗದರಿಸಿದೆ. ಅತಿಹಸಿತ ಎಂದು ಮನಸ್ಸಿನಲ್ಲಿಯೇ ವರ್ಗೀಕರಣವನ್ನೂ ಮುಗಿಸಿದೆ. ನಾನು ತಲೆಯೆತ್ತಿದಾಗ ಮೃದಂಗದವರು ನುಡಿಸುತ್ತಲೇ ನಮ್ಮ ಸಾಲಿನ ಕಡೆಗೆ ನೋಡುತ್ತಿದ್ದರು. ನಕ್ಕವರು ಯಾರೆಂದು ಹುಡುಕುತ್ತಿದ್ದರೆಂದು ಈಗ ತೋರುತ್ತದೆ. ಅವರಿಗೆ ಕಂಡದ್ದು ತಲೆ ತಗ್ಗಿಸಿದ ಒಂದು ಮಗು.

ಎರಡು ದಿನಗಳ ಮೇಲೆ ಬೀದಿಯಲ್ಲಿ ಮೇಷ್ಟರು ಸಿಕ್ಕಿದರು. ಮಗಳ ಅವಿನಯವನ್ನು ನಾನಾಗಿಯೇ ಹೇಳಿಕೊಂಡು ಕ್ಷಮೆ ಕೇಳಿದೆ. ಅವರು ಚೀಲವನ್ನು ಕೆಳಗಿಟ್ಟು ಕೇಳಿದರು: “ಎಲ್ಲಿ ನಕ್ಕಳು?” ಹೇಳಿದೆ. “ಸರಿಯಾಗಿ ಅಲ್ಲಿಯೇ? ಘಟ ಸುಮ್ಮನಾದಾಗಲೆ?” ಹೌದೆಂದೆ. “ಹಾಗಾದರೆ ಅವಳು ಎಣಿಸುತ್ತಿದ್ದಳು, ಸ್ವಾಮಿ. ಎಣಿಸದವನಿಗೆ ಅಲ್ಲಿ ಏನೂ ನಡೆದಿಲ್ಲ. ತಾವೇನು ಮಾಡುತ್ತಿದ್ದಿರಿ?” ಎಂದರು. ನಾನೇನು ಮಾಡುತ್ತಿದ್ದೆನೆಂದು ಹೇಳುವ ಧೈರ್ಯವಾಗಲಿಲ್ಲ. ನಾನು ರಸಿಕನ ಮುಖ ಮಾಡಿಕೊಂಡು ಕುಳಿತಿದ್ದೆ.

ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಮಿತ್ರರೊಬ್ಬರಿದ್ದಾರೆ. ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳನ್ನು ಕೂಡಿಡುವ ಗೀಳು ಅವರಿಗೆ. ಒಂದು ಭಾನುವಾರ ಪುಟ್ಟಿಯೊಡನೆ ಅವರ ಮನೆಗೆ ಹೋಗಿದ್ದೆ. ಆಸ್ಟ್ರಿಯದ ಜೋಸೆಫ್ ಹೇಡನ್ ಎಂಬಾತ 1781ರಲ್ಲಿ ರಚಿಸಿದ ಒಂದು ಕೃತಿಯನ್ನು ಹಾಕಿದರು: ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ, ನಾಲ್ಕೇ ವಾದ್ಯಗಳು. ಕೊನೆಯ ಭಾಗ ಬಹು ಚುರುಕಾದದ್ದು. ಒಂದು ಪುಟ್ಟ ಮಟ್ಟು ಕುಣಿಕುಣಿದು ಮತ್ತೆ ಮತ್ತೆ ಬರುತ್ತದೆ. ಇದ್ದಕ್ಕಿದ್ದ ಹಾಗೆ ಯಾರೋ ಹಿರಿಯರು ಬಂದು ನಿಂತಂತೆ ನಡೆ ಗಂಭೀರವಾಯಿತು. ಆಮೇಲೆ ಅದೇ ಪುಟ್ಟ ಮಟ್ಟು, ಆದರೆ ತುಂಡು ತುಂಡಾಗಿ. ಒಂದು ತುಂಡು, ಮೌನ. ಇನ್ನೊಂದು ತುಂಡು, ಮೌನ. ನಾಲ್ಕನೆಯ ತುಂಡಿಗೆ ಮಟ್ಟು ಪೂರ್ಣವಾಯಿತು. ನಾನು ಲೋಟವನ್ನು ಕೆಳಗಿಟ್ಟು, “ಬಹಳ ಸೊಗಸಾಗಿತ್ತು, ಇವರೇ, ಮುಕ್ತಾಯವಂತೂ...” ಎಂದು ಆರಂಭಿಸಿದೆ. ಅಷ್ಟರಲ್ಲಿ ಮೊದಲನೆಯ ತುಂಡು ಮತ್ತೊಮ್ಮೆ, ಬೆಕ್ಕಿನ ಹೆಜ್ಜೆಯಲ್ಲಿ ಬಂದಿತು. ಬಂದು ಅಲ್ಲಿಯೇ ನಿಂತಿತು. ಅದೇ ಮುಕ್ತಾಯ! ಆರಂಭದಲ್ಲಿ ಕೊನೆ. ಮುಂದಿನ ತುಂಡಿಗಾಗಿ ನಾನು ಬಾಯಿ ತೆರೆದುಕೊಂಡು ಕಾಯುತ್ತಿದ್ದೆ.

ಮಿತ್ರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕೃತಿಗೆ ‘ತಮಾಷೆ’ ಎಂಬ ಅಡ್ಡಹೆಸರೇ ಇದೆಯಂತೆ. ಎರಡು ಶತಮಾನಗಳಿಗೂ ಹಿಂದೆ ಒಬ್ಬಾತ ತೋಡಿಟ್ಟ ಗುಂಡಿಗೆ ಮೈಸೂರಿನ ಕನ್ನಡ ಅಧ್ಯಾಪಕನೊಬ್ಬ ಕಾಫಿಯ ಲೋಟದೊಡನೆ ಬಿದ್ದಿದ್ದ. ನನಗೂ ನಗು ಬಂತು. ಪುಟ್ಟಿಯ ಕಡೆಗೆ ತಿರುಗಿದೆ. ಅವಳು ಎರಡೂ ತುಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದು ಕುಳಿತಿದ್ದಳು. ಕಣ್ಣಿನಲ್ಲಿ ನೀರು ಬರುವಷ್ಟು ನಗುವನ್ನು ತಡೆದುಕೊಂಡಿದ್ದಳು.

“ಅಪ್ಪ, ಈಗ ನಗಬಹುದೆ?” ಎಂದು ಕೇಳಿದಳು.

ಆ ಪ್ರಶ್ನೆ ಇನ್ನೂ ನನ್ನ ಎದೆಯಲ್ಲಿ ನೆಟ್ಟುಕೊಂಡಿದೆ. ಸಂಗೀತವೆಂದರೆ ಮುಖ ಗಂಟಿಕ್ಕಿಕೊಂಡು ಕೇಳಬೇಕಾದದ್ದೆಂದು ಕಲಿಸಿದವನು ನಾನು. ನನಗೆ ಕಲಿಸಿದವರು ಯಾರು? ಸಂಗೀತ ಬಲ್ಲವರಂತೂ ಅಲ್ಲ. ಅಂದಿನಿಂದ ನಾನು ಮಿತ್ರರನ್ನೂ ಮೇಷ್ಟರನ್ನೂ ಪೀಡಿಸಿ ಒಂದಿಷ್ಟು ಕೇಳಿಸಿಕೊಂಡಿದ್ದೇನೆ.

ಹೇಡನ್ ವಿದೂಷಕನಲ್ಲ. 1798ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಜಗತ್ತಿನ ಸೃಷ್ಟಿಯನ್ನೇ ವಸ್ತುವಾಗುಳ್ಳ ಮಹಾಕೃತಿಯನ್ನು ಹಾಡಿಸಿದವನು ಅವನು. ಅದೇ ಕೈ 1772ರಲ್ಲಿ ಇನ್ನೊಂದು ಚಮತ್ಕಾರ ಮಾಡಿತ್ತು. ಅವನ ಪ್ರಭು ಬೇಸಿಗೆಯ ಅರಮನೆಯನ್ನು ಬಿಟ್ಟು ಕದಲಲೊಲ್ಲ. ವಾದ್ಯಗಾರರು ಹೆಂಡತಿ ಮಕ್ಕಳಿಂದ ದೂರವಾಗಿ ಕೊರಗುತ್ತಿದ್ದರು. ಹೇಡನ್ ಅರ್ಜಿ ಬರೆಯಲಿಲ್ಲ, ಸಿಂಫನಿ ಬರೆದ. ಅದರ ಕೊನೆಯಲ್ಲಿ ಒಬ್ಬೊಬ್ಬ ವಾದ್ಯಗಾರನೂ ತನ್ನ ಪಾಲನ್ನು ಮುಗಿಸಿ, ಮೇಣದ ಬತ್ತಿಯನ್ನು ಆರಿಸಿ ಎದ್ದು ಹೋಗುತ್ತಾನೆ. ಕಡೆಗೆ ಉಳಿಯುವುದು ಎರಡು ಪಿಟೀಲುಗಳ ಸಣ್ಣ ದನಿ. ಪ್ರಭುವಿಗೆ ಅರ್ಥವಾಯಿತು, ರಜೆ ದೊರೆಯಿತು. ನಮ್ಮ ಕಾಲೇಜಿನಲ್ಲಿ ರಜೆಯ ಅರ್ಜಿ ನಾಲ್ಕು ಮೇಜುಗಳನ್ನು ದಾಟಬೇಕು. ಆ ಮಾತು ಇಲ್ಲಿ ಬೇಡ. ನನ್ನ ಮಿತ್ರರು ಒತ್ತಿ ಹೇಳಿದ್ದು ಇದು: ಆ ಸಿಂಫನಿಯ ಆರಂಭದ ಭಾಗ ಕುದಿಯುವ ದುಃಖದಿಂದ ತುಂಬಿದೆ. ನಗೆ ಬಂದದ್ದು ಆ ದುಃಖದ ಬೆನ್ನ ಮೇಲೆಯೇ.

1792ರಲ್ಲಿ ಲಂಡನ್ನಿನಲ್ಲಿ ಕೇಳಿಸಿದ ಇನ್ನೊಂದು ಸಿಂಫನಿಯಲ್ಲಿ ಲಾಲಿಯಂಥ ಮೆಲುದನಿಯ ನಡುವೆ ಇಡೀ ವಾದ್ಯವೃಂದ ಒಮ್ಮೆಲೆ ಸಿಡಿಯುತ್ತದೆ. ತೂಕಡಿಸುವವರನ್ನು ಎಬ್ಬಿಸಲು ಹಾಗೆ ಮಾಡಿದನೆಂದು ಜನ ಆಡಿಕೊಂಡರು. ಹಾಗಲ್ಲ, ಹೊಸದೇನಾದರೂ ಕೊಟ್ಟು ಜನರನ್ನು ಬೆರಗುಗೊಳಿಸುವುದು ನನ್ನ ಇಚ್ಛೆಯಾಗಿತ್ತು ಎಂದು ಅವನೇ ಮುಂದೆ ಹೇಳಿದನಂತೆ. ನನಗೆ ಅವನ ಮಾತೇ ಸರಿ ಎನಿಸುತ್ತದೆ. ನಿದ್ದೆ ಹೋದವನು ಬೆಚ್ಚಬಹುದು, ನಗಲಾರ. ಮೆಲುದನಿಯನ್ನು ಕಿವಿಗೊಟ್ಟು ಕೇಳುತ್ತಿದ್ದವನಿಗಷ್ಟೇ ಆ ಸಿಡಿತ ಚೇಷ್ಟೆಯಾಗಿ ಕೇಳಿಸುತ್ತದೆ.

ಇದೆಲ್ಲ ಪರದೇಶದ ಮಾತು, ನಮ್ಮದು ಭಕ್ತಿಸಂಗೀತ, ಇಲ್ಲಿ ವಿನೋದಕ್ಕೆಲ್ಲಿ ಎಡೆ ಎಂದು ನಾನು ಮೇಷ್ಟರಲ್ಲಿ ವಾದಿಸಿದೆ. ಅವರು ತಂಬೂರಿಯನ್ನು ಶ್ರುತಿ ಮಾಡಿಕೊಂಡು ತ್ಯಾಗರಾಜರ ‘ಅಡಿಗಿ ಸುಖಮು’ ಕೃತಿಯನ್ನು ಹಾಡಿದರು. ಹೇಡನ್ ಆ ‘ತಮಾಷೆ’ಯನ್ನು ಬರೆದಾಗ ತ್ಯಾಗರಾಜರು ಹದಿನಾಲ್ಕರ ಹುಡುಗ. ರಾಮನನ್ನು ಬೇಡಿ ಯಾರು ಸುಖಪಟ್ಟರು ಎಂಬುದು ಆ ಕೃತಿಯ ಕೊಂಕು. ಕಾಡಿಗೆ ಹೋಗಿಬರುವ ಆಸೆಪಟ್ಟ ಸೀತೆಗೆ ಕಾಡೇ ಗತಿಯಾಯಿತು, ಒಲಿದು ಬಂದ ಶೂರ್ಪನಖಿಯ ಮೂಗು ಹೋಯಿತು, ನಾರದ ಹೆಣ್ಣಾದ, ಮಗನ ಆಟವನ್ನು ನೋಡುವ ಭಾಗ್ಯ ದೇವಕಿಗೆ ತಪ್ಪಿ ಯಶೋದೆಗೆ ದೊರೆಯಿತು. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಷ್ಟು ಚುಚ್ಚುಮಾತಿಗೆ ತ್ಯಾಗರಾಜರು ಆರಿಸಿಕೊಂಡ ರಾಗ ಯಾವುದು ಬಲ್ಲಿರಾ? ಮಧ್ಯಮಾವತಿ! ಕಚೇರಿಯಲ್ಲಿ ಏನಾದರೂ ದೋಷ ನುಸುಳಿದ್ದರೆ ಪರಿಹಾರವಾಗಲೆಂದು ಕೊನೆಯಲ್ಲಿ ಹಾಡುವ, ಪರಮ ಮಂಗಳಕರವಾದ, ಶಾಂತವಾದ ರಾಗ. ಮಾತು ಚಿವುಟುತ್ತದೆ, ರಾಗ ತಲೆ ಸವರುತ್ತದೆ. ರಾಗದ ಒಂದು ಸ್ವರವೂ ನಗುವುದಿಲ್ಲ. ಅದು ನಕ್ಕಿದ್ದರೆ ಕೃತಿ ಕೆಡುತ್ತಿತ್ತು. ನಂಬಿಕೆಯಿಲ್ಲದವನ ಕುಹಕವಾಗಿ ಉಳಿಯುತ್ತಿತ್ತು. ರಾಮನೊಡನೆ ಅಷ್ಟು ಸಲಿಗೆ ಸಾಧಿಸಬೇಕಾದರೆ ಎಷ್ಟು ವರ್ಷಗಳ ಬಾಳಿಕೆ ಬೇಕೋ!

ನಮ್ಮ ಊರಿಗೆ ಸಂಬಂಧಿಸಿದ ಒಂದು ಸಂಗತಿಯೂ ನೆನಪಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದವರು. ಅದೇ ಭಾಗವತರು ಪಾಶ್ಚಾತ್ಯ ಬ್ಯಾಂಡಿನ ನಡೆಯಲ್ಲಿ ಹೆಜ್ಜೆ ಹಾಕುವ ‘ಇಂಗ್ಲಿಷ್ ನೋಟ್’ ಒಂದನ್ನೂ ಕಟ್ಟಿದರು. ಮಧುರೆ ಮಣಿ ಅಯ್ಯರ್ ಅವರು ಅದನ್ನು ಬರಿಯ ಸ್ವರಗಳಲ್ಲಿ ಹಾಡಿದ ಮುದ್ರಿಕೆ ನಮ್ಮ ಮನೆಯಲ್ಲೀಗ ಪ್ರತಿ ವಾರವೂ ಮೊಳಗುತ್ತದೆ. ಕೇಳಿದರೆ ಕಾಲು ತಾನಾಗಿ ಕುಣಿಯುತ್ತದೆ. ಆದರೆ ಅದನ್ನು ಹಾಡಿ ನೋಡಿದ ಪುಟ್ಟಿಗೆ ಮಾತ್ರ ಉಸಿರು ಸಾಲಲಿಲ್ಲ.

ಎಲ್ಲ ನಗೆಯೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಘಟವನ್ನು ಮೇಲಕ್ಕೆ ಚಿಮ್ಮಿ ಹಿಡಿದಾಗ ಬೀಳುವ ಚಪ್ಪಾಳೆಯ ವಿಷಯದಲ್ಲಿ ನನಗೆ ಈಗಲೂ ಅನುಮಾನವಿದೆ. ಅದು ಕಿವುಡನಿಗೂ ಕಾಣುವಂಥದು. ಏನನ್ನೂ ನುಡಿಸದ ಆ ಒಂದು ಎಣಿಕೆಯಾದರೋ, ತಾಳ ಹಿಡಿದವನಿಗೆ ಮಾತ್ರ ಕೇಳಿಸುವಂಥದು. ಮೌನ ಎಲ್ಲರಿಗೂ ಬರುತ್ತದೆ. ಅಳತೆಯ ಮೌನಕ್ಕೆ ಇಪ್ಪತ್ತು ವರ್ಷಗಳ ಸಾಧನೆ ಬೇಕೆಂದು ಮೇಷ್ಟರು ಹೇಳುತ್ತಾರೆ. ಆ ವಿದ್ವಾಂಸರಿಬ್ಬರೂ ಅಷ್ಟು ವರ್ಷಗಳ ಸಾಧನೆಯನ್ನು ಒಂದು ಎಣಿಕೆಯಲ್ಲಿಟ್ಟು ಸಭೆಯ ಮುಂದೆ ನೀಡಿದರು. ಅದನ್ನು ಕೈಚಾಚಿ ತೆಗೆದುಕೊಂಡದ್ದು ಒಂದು ಮಗು. ಅದರ ಕೈಗೆ ನಾನು ಏಟು ಕೊಟ್ಟೆ.

ಇದನ್ನು ಅವಳಿಗೆ ಹೇಗೆ ಹೇಳುವುದು? ತಂದೆಯಾದವನು ಕ್ಷಮೆ ಕೇಳುವ ಕ್ರಮವನ್ನು ಯಾವ ಶಾಸ್ತ್ರವೂ ಬರೆದಿಲ್ಲ. ಒಂದು ಸಂಜೆ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, “ಅವತ್ತು ನೀನು ಯಾಕೆ ನಕ್ಕೆ ಅಂತ ನನಗೆ ತಿಳಿದಿರಲಿಲ್ಲ, ಪುಟ್ಟಿ. ಎಣಿಸುವುದನ್ನು ನನಗೂ ಹೇಳಿಕೊಡು” ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಆಮೇಲೆ ಮೇಷ್ಟರ ಗತ್ತಿನಲ್ಲಿಯೇ ನನ್ನ ಕೈಹಿಡಿದು ತೊಡೆಯ ಮೇಲಿಟ್ಟಳು. ಆದಿತಾಳ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. “ಹುಸಿ ಅಂದರೆ ಸುಮ್ಮನಲ್ಲ, ಅಪ್ಪ. ಅದನ್ನೂ ಎಣಿಸಬೇಕು” ಎಂದಳು.

ನಾನು ಎಣಿಸಿದೆ. ಅವಳು ಹಾಡಿದಳು. ಮೂರನೆಯ ಆವರ್ತದಲ್ಲಿ ಅವಳು ಬೇಕೆಂದೇ ನಡುವೆ ಹಾಡುವುದನ್ನು ನಿಲ್ಲಿಸಿದಳು. ನನ್ನ ಕೈಯೂ ನಿಂತುಹೋಯಿತು. ಅವಳು ಸರಿಯಾಗಿ ಎರಡು ಎಣಿಕೆ ಕಳೆದು ಮುಂದಕ್ಕೆ ಹಾಡಿಕೊಂಡು ಹೋದಳು. ನಾನು ಉಂಗುರದ ಬೆರಳಿನ ಮೇಲೆಯೇ ಇದ್ದೆ. ಅವಳ ನಗು ಅಡುಗೆಮನೆಯವರೆಗೂ ಕೇಳಿಸಿರಬೇಕು. ಒಲೆಯ ಮುಂದಿದ್ದ ಅವಳ ತಾಯಿ, ಏನಾಯಿತೆಂದು ಕೇಳುತ್ತ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.