ಮೂರು ಎರಡನೇ ಸ್ಥಾನಗಳ ಲೆಕ್ಕ

2015ರ ಜುಲೈಯಲ್ಲಿ ಫ್ರಾನ್ಸ್ ಸುತ್ತುವ ಸೈಕಲ್ ಪಂದ್ಯ, ಟೂರ್ ದ ಫ್ರಾನ್ಸ್, ಪ್ಯಾರಿಸ್ಸಿನಲ್ಲಿ ಮುಗಿದಾಗ ಒಂದು ವಿಚಿತ್ರ ದೃಶ್ಯ ಕಂಡಿತು. ಕೊನೆಯ ಹಂತವನ್ನು ಗೆದ್ದವನು ಜರ್ಮನಿಯ ಆಂಡ್ರೆ ಗ್ರೈಪೆಲ್. ಆ ವರ್ಷ ಅವನಿಗದು ನಾಲ್ಕನೇ ಗೆಲುವು. ಆದರೆ ಅಂಕಗಳ ಸ್ಪರ್ಧೆಯ ಹಸಿರು ಜೆರ್ಸಿ ತೊಟ್ಟು ವೇದಿಕೆಯ ಮೇಲೆ ನಿಂತವನು ಸ್ಲೊವಾಕಿಯಾದ ಪೀಟರ್ ಸಾಗನ್. ಆ ಇಪ್ಪತ್ತೊಂದು ಹಂತಗಳಲ್ಲಿ ಸಾಗನ್ ಗೆದ್ದದ್ದು ಎಷ್ಟು? ಒಂದೂ ಇಲ್ಲ. ಐದು ಸಲ ಎರಡನೆಯವನಾಗಿ ಬಂದಿದ್ದ, ಅಷ್ಟೆ. ಅಂಕಪಟ್ಟಿಯಲ್ಲಿ ಮಾತ್ರ ಸಾಗನ್ನನಿಗೆ 432, ಗ್ರೈಪೆಲ್‌ಗೆ 366.

ನಾಲ್ಕು ಸಲ ಗೆದ್ದವನು ಕೆಳಗೆ, ಒಮ್ಮೆಯೂ ಗೆಲ್ಲದವನು ಮೇಲೆ. ಇದು ನ್ಯಾಯವೇ ಎಂಬ ಜಗಳ ಆ ವರ್ಷ ಹುಟ್ಟಿದ್ದಲ್ಲ. ಐರ್ಲೆಂಡಿನ ಷಾನ್ ಕೆಲಿ 1983, 1985 ಮತ್ತು 1989ರಲ್ಲಿ ಹಸಿರು ಜೆರ್ಸಿ ಪಡೆದಾಗಲೂ ಆ ಮೂರು ವರ್ಷಗಳಲ್ಲಿ ಅವನಿಗೆ ಒಂದು ಹಂತದ ಗೆಲುವೂ ಇರಲಿಲ್ಲ. ಇತ್ತ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್‌ನನ್ನು ನೋಡಿ. 2024ರಲ್ಲಿ 35ನೇ ಹಂತ ಗೆದ್ದು ಎಡ್ಡಿ ಮರ್ಕ್ಸ್‌ನ 34ರ ದಾಖಲೆಯನ್ನು ಮುರಿದ. ಅಂಥವನ ಪೆಟ್ಟಿಗೆಯಲ್ಲಿ ಇರುವ ಹಸಿರು ಜೆರ್ಸಿಗಳು ಎರಡೇ. ಹನ್ನೆರಡು ಹಂತ ಗೆದ್ದ ಸಾಗನ್ನನ ಬಳಿ ಏಳಿವೆ.

ಸೈಕಲ್ಲಿನ ಈ ಜಗಳ ಫ್ರಾನ್ಸಿನಲ್ಲೇ ಉಳಿಯಬಹುದಾಗಿತ್ತು. ಆದರೆ ಚಾಮರಾಜನಗರದ ಬಳಿಯ ಬದನಗುಪ್ಪೆಯ ಒಂದು ಮನೆಯಲ್ಲಿ ಅದು ಒಂದು ವಾರ ಊಟದ ಹೊತ್ತಿನ ಮಾತಾಯಿತು. ಕಾರಣ, ಒಂಬತ್ತನೇ ತರಗತಿಯ ಹುಡುಗನೊಬ್ಬ ಹೋಬಳಿ ಮಟ್ಟದ ಕ್ರೀಡಾಕೂಟದಿಂದ ಮೂರು ಪ್ರಮಾಣಪತ್ರ ಹಿಡಿದು ಬಂದಿದ್ದ. ನೂರು ಮೀಟರ್, ಇನ್ನೂರು ಮೀಟರ್, ಉದ್ದ ಜಿಗಿತ. ಮೂರರಲ್ಲೂ ಎರಡನೇ ಸ್ಥಾನ.

ಶಾಲೆಯ ಮೈದಾನಗಳಲ್ಲಿ ಸಾಮಾನ್ಯವಾಗಿ ನಡೆಯುವ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದೇ. ಮೊದಲಿಗೆ ಐದು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ಹುಡುಗನಿಗೆ ಒಂಬತ್ತು ಅಂಕ ಬಂದವು. ಬೇರೆ ಶಾಲೆಯ ಹುಡುಗನೊಬ್ಬ ಎರಡರಲ್ಲಿ ಮೊದಲು ಬಂದು, ಮಿಕ್ಕಿದ್ದರಲ್ಲಿ ಎಲ್ಲಿಯೂ ಇಲ್ಲದೆ, ಹತ್ತು ಅಂಕದಿಂದ ವೈಯಕ್ತಿಕ ಚಾಂಪಿಯನ್ ಆಗಿ ಫಲಕ ಎತ್ತಿಕೊಂಡು ಹೋದ.

"ಯಾಕ್ಲಾ, ಮೂರೂ ಎರಡ್ನೇದೇಯಾ? ಒಂದ್ರಲ್ಲಾದ್ರೂ ಮೊದ್ಲು ಬರಾಕಾಗ್ನಿಲ್ವ?" ಎಂದು ಅಪ್ಪ ಕೇಳಿದರು. ಬೈಗುಳವಲ್ಲ, ಆದರೆ ಹುಡುಗನಿಗೆ ಬೈಗುಳವಾಗಿಯೇ ಕೇಳಿಸಿತು. ಅವ್ವ ಒಳಗಿನಿಂದಲೇ, "ಮೂರ್ ಕಿತ ಎರಡ್ನೇದು ಬರಾದು ಸುಮ್ನೆ ಆಯ್ತದಾ, ಬುಡಿ" ಎಂದರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಗೆಲ್ಲದ ಆಟಕ್ಕಾಗಿ ಸಂಜೆ ಹೊತ್ತು ಯಾಕೆ ಕಳೆಯಬೇಕು, ಓದಿಗೆ ಕೂರಲಿ ಎಂಬುದು ಅಪ್ಪನ ಮನಸ್ಸಿನಲ್ಲಿತ್ತು. ಹುಡುಗನ ಮನಸ್ಸಿನಲ್ಲಿ ಬೇರೆಯೇ ಇತ್ತು. ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಸುವ ಸರ್ಕಾರಿ ಕ್ರೀಡಾ ವಸತಿ ನಿಲಯ ಇದೆಯೆಂದು ಪಿ.ಟಿ. ಮೇಷ್ಟ್ರು ಹೇಳಿದ್ದರು. ವಿಜಯಪುರ, ಬಾಗಲಕೋಟೆಯ ಕಡೆ ರೈತರ ಮಕ್ಕಳೇ ಸೈಕಲ್ ಏರಿ ರಾಷ್ಟ್ರ ಮಟ್ಟಕ್ಕೆ ಹೋಗುವುದು ಹೊಸದಲ್ಲ. ದಕ್ಷಿಣದ ಈ ತುದಿಯ ಹುಡುಗನಿಗೆ ಅದು ದೂರದ ಆಸೆ. ಮೂರು ಎರಡನೇ ಸ್ಥಾನಗಳನ್ನು ತೋರಿಸಿ ಆ ಆಸೆಯನ್ನು ಅಪ್ಪನ ಮುಂದೆ ಇಡುವುದು ಹೇಗೆ?

ಮೇಷ್ಟ್ರು ಟೂರ್ ಕತೆ ಹೇಳಿದ್ದು ಆಗ. ಹುಡುಗ ಮಾಡಿದ ಕೆಲಸ ಮಾತ್ರ ಅವರೂ ಎಣಿಸಿರಲಿಲ್ಲ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ತನ್ನ ಮೂರು ಎರಡನೇ ಸ್ಥಾನಗಳನ್ನೂ ಆ ಇನ್ನೊಬ್ಬನ ಎರಡು ಮೊದಲ ಸ್ಥಾನಗಳನ್ನೂ ಟೂರ್‌ನ ಅಂಕಪಟ್ಟಿಗಳಿಗೆ ಹಾಕಿ ನೋಡಿದ.

2009ರಲ್ಲಿ ಟೂರ್‌ನ ಸಪಾಟು ಹಂತ ಗೆದ್ದವನಿಗೆ 35, ಎರಡನೆಯವನಿಗೆ 30. ಆ ಲೆಕ್ಕದಲ್ಲಿ ಬದನಗುಪ್ಪೆಯ ಹುಡುಗನಿಗೆ 90, ಫಲಕ ಗೆದ್ದವನಿಗೆ 70. 2011ರಲ್ಲಿ ಪಟ್ಟಿ ಬದಲಾಯಿತು. ಮೊದಲಿಗೆ 45, ಎರಡನೆಯದಕ್ಕೆ 35. ಈಗ 105ಕ್ಕೆ 90. ಇಲ್ಲಿಯೂ ಅವನೇ ಚಾಂಪಿಯನ್. 2015ರಲ್ಲಿ ಮತ್ತೆ ಬದಲಾಯಿತು. ಗೆದ್ದವನಿಗೆ 50, ಎರಡನೆಯವನಿಗೆ 30. ಈ ಪಟ್ಟಿಯಲ್ಲಿ ಹುಡುಗನಿಗೆ 90, ಇನ್ನೊಬ್ಬನಿಗೆ 100. ಸೋತ. ಅದೇ ಕಾಲು, ಅದೇ ಓಟ, ಅದೇ ಮಧ್ಯಾಹ್ನ. ಬದಲಾದದ್ದು ಪಟ್ಟಿಯೊಂದೇ.

ಈ ಪಟ್ಟಿಗಳ ಹಿಂದಿನ ಕತೆಯೂ ಸ್ವಾರಸ್ಯದ್ದು. 1905ರಿಂದ 1912ರವರೆಗೆ ಟೂರ್‌ನ ಒಟ್ಟಾರೆ ವಿಜೇತನನ್ನೇ ಅಂಕದ ಮೇಲೆ ನಿರ್ಧರಿಸುತ್ತಿದ್ದರು. ಯಾರು ಎಷ್ಟು ಹೊತ್ತಿನಲ್ಲಿ ಬಂದ ಎಂಬುದಲ್ಲ, ಎಷ್ಟನೆಯವನಾಗಿ ಬಂದ ಎಂಬುದೇ ಮುಖ್ಯ. 1913ರಲ್ಲಿ ಮತ್ತೆ ಗಡಿಯಾರದ ಲೆಕ್ಕಕ್ಕೆ ಮರಳಿದರು. ಹಸಿರು ಜೆರ್ಸಿ ಬಂದದ್ದು 1953ರಲ್ಲಿ. ಮೊದಲ ಕೆಲವು ವರ್ಷ ಅದರ ಲೆಕ್ಕ ತಲೆಕೆಳಗಾಗಿತ್ತು. ಹಿಂದೆ ಬಿದ್ದಷ್ಟೂ ದಂಡದ ಅಂಕ, ಕಡಿಮೆ ಅಂಕದವನು ಗೆದ್ದ. 1959ರಿಂದ ಮುಂದೆ ಬಂದವನಿಗೆ ಅಂಕ ಕೊಡುವ ಕ್ರಮ ಶುರುವಾಯಿತು. ಮೊದಲ ಕ್ರಮದಲ್ಲಿ ಒಂದು ದಿನ ಎಡವಿದರೆ ಸರಿಪಡಿಸುವುದು ಕಷ್ಟ. ಎರಡನೆಯದರಲ್ಲಿ ಒಂದು ದಿನದ ದೊಡ್ಡ ಗೆಲುವಿಗೆ ಬೆಲೆ ಹೆಚ್ಚು.

2009ರ ಘಟನೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಕ್ಯಾವೆಂಡಿಷ್ ಆರು ಹಂತ ಗೆದ್ದ. ನಾರ್ವೆಯ ಥೋರ್ ಹುಷೋವ್ದ್ ಗೆದ್ದದ್ದು ಒಂದು. ಬೆಸಾನ್‌ಸೊನ್ ಊರಿನ ಹಂತದಲ್ಲಿ ಕ್ಯಾವೆಂಡಿಷ್ ಹುಷೋವ್ದ್‌ಗೆ ಅಡ್ಡ ಬಂದನೆಂದು ತೀರ್ಪುಗಾರರು ಅವನನ್ನು ಗುಂಪಿನ ಕೊನೆಗೆ ತಳ್ಳಿದರು. ಅದಾದ ಮೇಲೆ ಆಲ್ಪ್ಸ್ ಬೆಟ್ಟಗಳ ಒಂದು ಹಂತದಲ್ಲಿ ಹುಷೋವ್ದ್ ಒಬ್ಬನೇ ಮುಂದೆ ನುಗ್ಗಿ ದಾರಿಯ ನಡುವಿನ ಗೆರೆಗಳಲ್ಲಿ ಇಟ್ಟಿದ್ದ ಅಂಕಗಳನ್ನು ಬಾಚಿಕೊಂಡ. ಸಪಾಟಿನ ಓಟಗಾರನೊಬ್ಬ ಬೆಟ್ಟ ಹತ್ತಿ ಅಂಕ ತರುವುದೆಂದರೆ ಸಾಮಾನ್ಯವಲ್ಲ. ಕೊನೆಗೆ ಅವನಿಗೆ 280, ಕ್ಯಾವೆಂಡಿಷ್‌ಗೆ 270.

ಗೆಲುವಿಗೆ ಬೆಲೆ ಸಾಲದು ಎಂಬ ಗೊಣಗಾಟ ಹೆಚ್ಚಾಗಿಯೇ ಪಟ್ಟಿಯನ್ನು ಎರಡು ಸಲ ತಿದ್ದಿದ್ದು. ತಮಾಷೆಯೆಂದರೆ, ಗೆದ್ದವನಿಗೆ ಅನುಕೂಲವಾಗಲೆಂದು ತಿದ್ದಿದ 2015ರಲ್ಲೇ ಸಾಗನ್ ಒಂದೂ ಗೆಲ್ಲದೆ ಗೆದ್ದ. ಐವತ್ತರ ಬಹುಮಾನ ನಾಲ್ಕು ಸಲ ಸಿಕ್ಕರೂ ಸಾಲಲಿಲ್ಲ, ಏಕೆಂದರೆ ಸಾಗನ್ ಸಪಾಟಿನಲ್ಲಿ, ಗುಡ್ಡದಲ್ಲಿ, ನಡುವಿನ ಗೆರೆಯಲ್ಲಿ, ದಿನ ಬಿಡದೆ ಅಂಕ ಕೂಡಿಸುತ್ತಿದ್ದ. ಗುಡ್ಡದ ದಿನ ಗ್ರೈಪೆಲ್‌ನಂಥವರಿಗೆ ಗಡುವಿನೊಳಗೆ ಊರು ಸೇರಿದರೆ ಸಾಕು. ಹಾಗಾದರೆ ತಪ್ಪು ಪಟ್ಟಿಯದೇ? ಹಾಗೆ ಹೇಳಲಾಗದು. ಪಂದ್ಯಕ್ಕೆ ಮೊದಲೇ ಪಟ್ಟಿ ಎಲ್ಲರ ಕೈಯಲ್ಲಿತ್ತು. ಅದನ್ನು ಸರಿಯಾಗಿ ಓದಿದವನು ಸಾಗನ್.

ಇಟಲಿಯ ಪಂದ್ಯ ಜೀರೊ ದಿತಾಲಿಯಾದಲ್ಲಿ ಬೇರೆ ತರಹದ ತಕರಾರು. ಅಲ್ಲಿ ಬಹಳ ಕಾಲ ಸಪಾಟಿಗೂ ಬೆಟ್ಟಕ್ಕೂ ಒಂದೇ ಅಂಕ. 2012ರಲ್ಲಿ ಮೂರು ಹಂತ ಗೆದ್ದ ಕ್ಯಾವೆಂಡಿಷ್ ಎರಡು ಗೆದ್ದ ಸ್ಪೇನಿನ ಬೆಟ್ಟದ ಸವಾರ ಹ್ವಾಕಿನ್ ರೊಡ್ರಿಗೆಸ್‌ಗೆ ಸೋತ. ಅಂತರ ಒಂದೇ ಅಂಕ, 139ಕ್ಕೆ 138. ಹೋಬಳಿ ಕ್ರೀಡಾಕೂಟದಲ್ಲಿ ಒಂದು ಅಂಕಕ್ಕೆ ಫಲಕ ಹೋದವನಿಗೆ ಈ ಕತೆ ಬಹಳ ಹಿಡಿಸಿತೆಂದು ಬೇರೆ ಹೇಳಬೇಕಿಲ್ಲ.

ಬೇರೆ ಆಟಗಳೂ ಇದೇ ಗೊಂದಲದಲ್ಲಿ ಬಿದ್ದು ಎದ್ದಿವೆ. ಫುಟ್‌ಬಾಲಿನಲ್ಲಿ ಗೆಲುವಿಗೆ ಎರಡು ಅಂಕ ಇದ್ದದ್ದನ್ನು ಇಂಗ್ಲೆಂಡ್ 1981ರಲ್ಲಿ ಮೂರು ಮಾಡಿತು. ವಿಶ್ವಕಪ್ಪಿಗೆ ಅದು 1994ರಲ್ಲಿ ಬಂತು. ಡ್ರಾ ಮಾಡಿಕೊಂಡೇ ಕಾಲ ಕಳೆಯುವ ತಂಡಗಳಿಗೆ ಚುರುಕು ಮುಟ್ಟಿಸುವುದೇ ಉದ್ದೇಶ. ಕಾರ್ ಪಂದ್ಯದ ಫಾರ್ಮುಲಾ ಒನ್‌ನಲ್ಲಿ 1988ರಲ್ಲಿ ಹದಿನಾರು ಪಂದ್ಯಗಳ ಪೈಕಿ ಅತ್ಯುತ್ತಮ ಹನ್ನೊಂದನ್ನು ಮಾತ್ರ ಎಣಿಸುತ್ತಿದ್ದರು. ಅಲೈನ್ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿಯೂ 94 ಗಳಿಸಿದ ಐರ್ಟನ್ ಸೆನ್ನಾನಿಗೆ ಪಟ್ಟ ಬಿಟ್ಟುಕೊಟ್ಟ. ಎಣಿಕೆಗೆ ಬಂದವು 87 ಮತ್ತು 90. ಸೆನ್ನಾ ಗೆದ್ದದ್ದು ಎಂಟು ಪಂದ್ಯ, ಪ್ರಾಸ್ಟ್ ಏಳು.

ಈ 'ಅತ್ಯುತ್ತಮದ್ದು ಮಾತ್ರ' ಎಂಬ ಲೆಕ್ಕ ನಮ್ಮ ಮಕ್ಕಳಿಗೂ ಹೊಸದಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು, ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಇಟ್ಟುಕೊಳ್ಳಬಹುದಿತ್ತು. ಇದು ಸೆನ್ನಾನ ಕಡೆಯ ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲೇ ವರ್ಷವಿಡೀ ಶಾಲೆಯಲ್ಲಿ ಗಳಿಸುವ ಇಪ್ಪತ್ತು ಆಂತರಿಕ ಅಂಕಗಳೂ ಇವೆ. ಅದು ಕೆಲಿ, ಸಾಗನ್ ಕಡೆಯದು. ಒಂದೇ ಅಂಕಪಟ್ಟಿಯಲ್ಲಿ ಇಬ್ಬರೂ ಕೂತಿದ್ದಾರೆ. ಎಂಬತ್ತಕ್ಕೆ ಇಪ್ಪತ್ತು ಸರಿಯಾದ ಪ್ರಮಾಣವೇ ಎಂದು ಕೇಳುವ ಪೋಷಕರು ಗೊತ್ತಿಲ್ಲದೆಯೇ ಹಸಿರು ಜೆರ್ಸಿಯ ಚರ್ಚೆಗೆ ಇಳಿದಿರುತ್ತಾರೆ.

ಬದನಗುಪ್ಪೆಯ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬಂದದ್ದು ಅಪ್ಪನಿಂದಲೇ, ಅದೂ ಅವರು ಬೇರೆ ಮಾತು ಆಡುತ್ತಿದ್ದಾಗ. ಎರಡು ಹಸು, ಒಂದಿಷ್ಟು ಅರಿಶಿನ ಅವರ ಬದುಕು. ಡೇರಿಗೆ ಹಾಕಿದ ಹಾಲಿನ ಬಟವಾಡೆ ದೊಡ್ಡ ಮೊತ್ತವಲ್ಲ, ಆದರೆ ತಪ್ಪದೆ ಬರುತ್ತದೆ. ಅರಿಶಿನ ಹಾಗಲ್ಲ. ಈರೋಡಿನ ಮಾರುಕಟ್ಟೆಯಲ್ಲಿ ಬೆಲೆ ಕುದುರಿದ ವರ್ಷ ಒಂದೇ ಸಲಕ್ಕೆ ಸಾಲ ತೀರುತ್ತದೆ, ಬಿದ್ದ ವರ್ಷ ಅಗೆದ ಕೂಲಿಯೂ ಹುಟ್ಟುವುದಿಲ್ಲ. "ಹಾಲಿನ್ ದುಡ್ನಲ್ಲಿ ಮನೆ ನಡೀತದ, ಅರಿಶಿನದ್ ದುಡ್ನಲ್ಲಿ ಮದ್ವೆ ನಡೀತದ" ಎಂದು ಯಾರಿಗೋ ಹೇಳುತ್ತಿದ್ದರು. ಹುಡುಗ ಬಿಡಲಿಲ್ಲ. "ಅಂಗಾರೆ ಅಪ್ಪಾ, ನಾನು ಹಾಲು. ಅವ್ನು ಅರಿಶಿನ" ಎಂದ.

ಅಪ್ಪ ನಕ್ಕರು, ಆದರೆ ಒಪ್ಪಲಿಲ್ಲ. ಮದುವೆಯೂ ನಡೆಯಬೇಕಲ್ಲ ಎಂದರು. ಅವರ ಮಾತಿನಲ್ಲೂ ಹುರುಳಿದೆ. ಮೇಲಿನ ಹಂತದ ಕೂಟಗಳಿಗೆ ಹೋಗುವವರು ಮೊದಲ ಒಂದೋ ಎರಡೋ ಸ್ಥಾನದವರು. ಮೇಲೇರಿದಷ್ಟೂ ಬಾಗಿಲು ಕಿರಿದು. ಒಂದು ಆಟದಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಕಾಲಿಲ್ಲದೆ ಐದಾರು ಆಟಗಳಲ್ಲಿ ಹತ್ತಿರ ಹತ್ತಿರ ಬರುವವನನ್ನು ಆಯ್ಕೆಗಾರರು ಮೆಚ್ಚಿಯೂ ಬಿಟ್ಟುಬಿಡುತ್ತಾರೆ. ಅಂಕಗಳ ಸ್ಪರ್ಧೆ ಇರುವುದು ದಿನದಿನದ ದುಡಿಮೆಗೆ, ಅಲ್ಲಿ ಸಾಗನ್ನನೇ ಸರಿಯಾದ ಒಡೆಯ. ಹಂತ ಗೆದ್ದವನಿಗೆ ಆ ಹಂತದ ಗೆಲುವೇ ಇದೆಯಲ್ಲ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಹೋದಾಗಲೇ ರಗಳೆ. ಶಾಲೆಯ ಕೂಟದಲ್ಲಿ ಫಲಕ ಇರುವುದು ಒಂದೇ ಆದ್ದರಿಂದ ಅಲ್ಲಿ ರಗಳೆ ತಪ್ಪುವುದೂ ಇಲ್ಲ.

ಸಂಜೆಯ ಓಟ ನಿಲ್ಲಿಸಬೇಕೆಂಬ ಮಾತು ಸದ್ಯಕ್ಕೆ ಮುಂದಕ್ಕೆ ಹೋಯಿತು. ಅರ್ಧ ವಾರ್ಷಿಕ ಪರೀಕ್ಷೆಯ ಅಂಕ ನೋಡಿ ತೀರ್ಮಾನ ಎಂದರು ಅಪ್ಪ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಮುಂದುವರಿಯಿತು. ಅಲ್ಲಿ ಕೊನೆಯದಾಗಿ ಬರೆದಿರುವುದು 2024ರ ಟೂರ್. ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಮೂರು ಹಂತ ಗೆದ್ದ. ಆಫ್ರಿಕದ ಕಪ್ಪು ಜನಾಂಗದವನೊಬ್ಬ ಟೂರ್‌ನಲ್ಲಿ ಹಂತ ಗೆದ್ದದ್ದು ಅದೇ ಮೊದಲು. ಬೆಲ್ಜಿಯಮ್ಮಿನ ಯಾಸ್ಪರ್ ಫಿಲಿಪ್ಸನ್ ಗೆದ್ದದ್ದೂ ಮೂರು. ಗೆಲುವು ಸಮಸಮ. ಹದಿನಾರನೇ ಹಂತದಲ್ಲಿ ಬಿದ್ದು ತರಚಿಕೊಂಡರೂ ಗಿರ್ಮಾಯ್ ಸವಾರಿ ಬಿಡಲಿಲ್ಲ, ನೀಸ್ ಊರಿನವರೆಗೆ ಹಸಿರು ಜೆರ್ಸಿ ಉಳಿಸಿಕೊಂಡ.

ಅಪ್ಪ ಅದನ್ನು ಓದಿ, "ಎರಡ್ನೇಯವ್ನು ಏನ್ ಮಾಡ್ದ?" ಎಂದು ಕೇಳಿದರು. ಹುಡುಗನಿಗೆ ಅದೂ ಗೊತ್ತಿತ್ತು. ಫಿಲಿಪ್ಸನ್ 2025ರಲ್ಲಿ ಮೊದಲ ಹಂತವನ್ನೇ ಗೆದ್ದ. ಮೂರನೇ ದಿನ ಹಸಿರು ಜೆರ್ಸಿ ತೊಟ್ಟು, ದಾರಿಯ ನಡುವಿನ ಗೆರೆಯ ಅಂಕಕ್ಕಾಗಿ ನುಗ್ಗುತ್ತಿದ್ದಾಗ ಬಿದ್ದು, ಕೊರಳೆಲುಬು ಮುರಿದುಕೊಂಡು ಪಂದ್ಯದಿಂದಲೇ ಹೊರಗೆ ಹೋದ.